ನಾಲ್ಕನೆಯ ವರದಿ

"ವಿಷ ಅಂತ ಒಂದು ಮಾತು ಬರ್ಕೊಡಿ ಮೇಡಂ. ಮಿಕ್ಕಿದ್ದ ನಾವ್ ನೋಡ್ಕತೀವಿ," ಎಂದ ಮಹದೇವಪ್ಪ, ಕುರ್ಚಿ ತೋರಿಸಿದರೂ ಕೂರದೆ.

ಡಾಕ್ಟರ್ ಶಿವರಂಜಿನಿ ಮತ್ತೆ ಕಾಗದಗಳ ಕಡೆ ಬಗ್ಗಿದಳು. ಮೇಜಿನ ಮೇಲೆ ಭೀಮನಬೀಡಿನ ಒಂದೇ ಮನೆಯ ನಾಲ್ಕು ರಕ್ತಪರೀಕ್ಷೆಯ ವರದಿಗಳಿದ್ದವು. ಮೊದಲನೆಯದು ಮಹದೇವಪ್ಪನ ಅಣ್ಣ ಪುಟ್ಟಬಸಪ್ಪನದು. ಕಾಮಾಲೆ ಏರಿ ಅವರು ತೀರಿಕೊಂಡು ಹದಿನೆಂಟು ದಿನವಾಗಿತ್ತು. ಎರಡನೆಯದು ಅವರ ಹೆಂಡತಿ ಮಲ್ಲಾಜಮ್ಮನದು, ಮೂರನೆಯದು ಮಗ ಸಾಗರನದು. ಮೂವರ ಲಿವರಿಗೂ ಪೆಟ್ಟು ಬಿದ್ದಿತ್ತು, ಮಲ್ಲಾಜಮ್ಮನಿಗೆ ಕಮ್ಮಿ. ಸಾಗರ ಚಾಮರಾಜನಗರದ ಇದೇ ಆಸ್ಪತ್ರೆಯ ಮೇಲಿನ ವಾರ್ಡಿನಲ್ಲಿ ಅರಿಸಿನದಂಥ ಕಣ್ಣು ಮುಚ್ಚಿ ಮಲಗಿದ್ದ; ತಾಯಿ ಜೊತೆಗಿದ್ದರು.

ನಾಲ್ಕನೆಯದು ಸೊಸೆ ಕಾವ್ಯಶ್ರೀಯದು. ಅದರಲ್ಲಿ ಒಂದು ದೋಷವೂ ಇರಲಿಲ್ಲ.

ಶಿವರಂಜಿನಿಯ ಸಂಶೋಧನೆ ಕುಡಿಯದವರ ಲಿವರಿನಲ್ಲಿ ಕೊಬ್ಬು ತುಂಬುವುದರ ಬಗ್ಗೆ. ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಗಳಲ್ಲಿ ನಾಲ್ಕು ತಿಂಗಳ ಹಿಂದೆ ಮೊದಲ ಸುತ್ತಿನ ತಪಾಸಣೆ ಮುಗಿಸಿದ್ದಳು. ಆಗ ಪುಟ್ಟಬಸಪ್ಪನಿಗೆ ಕೊಬ್ಬು ಇತ್ತು, ಅಷ್ಟೇ. "ದಿನಾ ನಡೀರಿ, ಅನ್ನ ಕಮ್ಮಿ ಮಾಡಿ. ಲಿವರ್ ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ಳುತ್ತೆ," ಎಂದು ನಗುತ್ತ ಕಳಿಸಿದ್ದಳು. ಎರಡನೆಯ ಸುತ್ತಿಗೆ ಹೋದಾಗ ಆ ಮನುಷ್ಯ ಗೋಡೆ ಹಿಡಿದು ನಡೆಯುತ್ತಿದ್ದ.

ಅಡುಗೆ ಮಾಡುವವಳು ಕಾವ್ಯಶ್ರೀ ಒಬ್ಬಳೇ. ಸಾಗರ ಮನೆಯವರ ಮಾತು ಮೀರಿ ಕಟ್ಟಿಕೊಂಡು ಬಂದವಳು. ಹಿಟ್ಟು, ಎಣ್ಣೆ, ಬೋರ್‌ವೆಲ್ ನೀರು ಎಲ್ಲವನ್ನೂ ಪರೀಕ್ಷೆಗೆ ಕಳಿಸಿದ್ದಾಯಿತು. ಏನೂ ಸಿಗಲಿಲ್ಲ. ಯಾವುದಾದರೂ ನಾಟಿ ಮದ್ದು ತಗೊಂಡಿರಾ ಎಂದು ಶಿವರಂಜಿನಿ ಎಲ್ಲರನ್ನೂ ಕೇಳಿದಳು. ಎಲ್ಲರೂ ತಲೆಯಾಡಿಸಿ ಇಲ್ಲವೆಂದರು.

"ನೀನು ಅವರ ಜೊತೆ ಊಟಕ್ಕೆ ಕೂರಲ್ವಾ?" ಎಂದು ಸೊಸೆಯನ್ನು ಬೇರೆಯಾಗಿ ಕರೆದು ಕೇಳಿದ್ದಳು.

"ಅವ್ರೆಲ್ಲ ಉಂಡ ಮೇಲೆ, ಮೇಡಂ. ಆ ಮನೇಲಿ ಅವ್ರುದೇ ಬೇರೆ, ನಂದೇ ಬೇರೆ."

ಕಾವ್ಯಶ್ರೀ ತಲೆ ಎತ್ತಲಿಲ್ಲ. ಕಣ್ಣಲ್ಲಿ ನೀರೂ ಇರಲಿಲ್ಲ. ಶಿವರಂಜಿನಿ ಆ ಮಾತನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು.

ಈಗ ಅವಳು ವಿಷ ಎಂದು ಬರೆಯಲಿಲ್ಲ. ರೋಗಿಗೆ ಮನೆಯ ಊಟ ಬೇಡ, ಆಸ್ಪತ್ರೆಯದು ಮಾತ್ರ ಎಂದು ಬರೆದಳು. ಮಹದೇವಪ್ಪನಿಗೆ ಅಷ್ಟೇ ಸಾಕಾಯಿತು.

ಆ ಮಧ್ಯಾಹ್ನವೇ ಕಾವ್ಯಶ್ರೀಯನ್ನು ಹರವೆಯ ತವರಿಗೆ ಅಟ್ಟಿದರು. ಗಂಡನ ಮುಖ ಒಂದು ಸಲ ನೋಡುತ್ತೇನೆಂದು ಅವಳು ವಾರ್ಡಿನ ಮೆಟ್ಟಿಲ ಕೆಳಗೆ ನಿಂತು ಕೇಳಿಕೊಂಡಳು. "ನೋಡಿದ್ದು ಸಾಕು ನಡೀ," ಎಂದು ಮಹದೇವಪ್ಪ ಬಸ್ಸು ಹತ್ತಿಸಿದ. ಶಿವರಂಜಿನಿ ಕಿಟಕಿಯಿಂದ ಎಲ್ಲವನ್ನೂ ನೋಡಿದಳು. ತಡೆಯಬೇಕು ಅನ್ನಿಸಿತು. ತಡೆಯಲಿಲ್ಲ.

ಪೆಟ್ಟು ನಿಂತರೆ ಲಿವರ್ ಚೇತರಿಸಿಕೊಳ್ಳಲು ತೊಡಗಬೇಕು. ಮೂರನೆಯ ದಿನ ಸಾಗರನ ವರದಿ ಬಂತು. ಅಂಕಿಗಳು ಇಳಿದಿರಲಿಲ್ಲ. ಒಂದೂವರೆ ಪಟ್ಟು ಏರಿದ್ದವು. ಇನ್ನು ಕೆಲವೇ ದಿನ, ಬೆಂಗಳೂರಿಗೆ ಸಾಗಿಸಿ ಲಿವರ್ ಕಸಿ ಮಾಡಿಸಬೇಕಾದೀತು ಎಂದರು ವಾರ್ಡಿನ ಡಾಕ್ಟರು.

ನಾಲ್ಕನೆಯ ದಿನ ಬೆಳಗ್ಗೆ, ತಿಂಡಿಯ ಗಾಡಿ ಬರುವ ಮೊದಲೇ, ಶಿವರಂಜಿನಿ ಮೆಟ್ಟಿಲು ಹತ್ತಿದಳು. ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ಸರಿಸಿದಳು. ಮಲ್ಲಾಜಮ್ಮ ಮಗನ ತಲೆಯನ್ನು ತೋಳಿನಲ್ಲಿ ಎತ್ತಿ ಹಿಡಿದು, ಲೋಟದಿಂದ ಕಂದು ನೀರು ಕುಡಿಸುತ್ತಿದ್ದರು.

"ಏನಮ್ಮ ಅದು?"

ಮುದುಕಿ ಲೋಟವನ್ನು ಸೆರಗಿನ ಮರೆಗೆ ಸರಿಸಿದರು. "ಮದ್ದು ಕೊಟ್ಟೋರು ಯಾರ್ಗೂ ಹೇಳ್ಬಾರ್ದು ಅಂದಿದ್ರು ಕಣವ್ವ, ಬಾಯ್ಬುಟ್ರೆ ಅದು ಕೆಲ್ಸ ಮಾಡಾಕಿಲ್ವಂತೆ. ನೀನೇ ಅಂದ್ಯಲ್ಲ ಲಿವರ್ನಾಗೆ ಕೊಬ್ಬು ಅಂತ? ಕೊಬ್ಬು ಕರಗಿಸೋ ಬೇರಿನ ಪುಡಿ ಇದು, ಗುಂಡ್ಲುಪೇಟೆ ಸಂತೇಲಿ ತಂದುದ್ದು. ನಮ್ ಯಜಮಾನ್ರು ಕುಡುದ್ರು, ನಾನೂ ಇವ್ನೂ ಕುಡುದೊ. ಈಗ ಮಗೀಗೆ ಎಲ್ಡು ಪಟ್ಟು ಆಕ್ತಾವ್ನಿ. ಬದುಕ್ಕೊಂಡ್ರೆ ಸಾಕು."

ಶಿವರಂಜಿನಿ ಲೋಟ ಕಿತ್ತುಕೊಂಡಳು.

"ಮತ್ತೆ... ಕಾವ್ಯಶ್ರೀಗೆ?"

"ಅವ್ಳಿಗ್ಯಾಕವ್ವ?" ಎಂದರು ಮಲ್ಲಾಜಮ್ಮ, ಕಣ್ಣೊರೆಸಿಕೊಳ್ಳುತ್ತ. "ಅದು ನಮ್ ಮನೇವ್ರಿಗೆ ಮಾತ್ರ."