ನಲವತ್ತು ದಿನದ ನೀರು

"ದೋಣಿ ಬಿಡಲ್ಲ," ಎಂದಳು ಸ್ತಾಂಕಾ.

ಸ್ಮರಾಂದಾಳ ಕೈಯಲ್ಲಿದ್ದ ಚೀಲ ಕೆಸರಿಗೆ ಬಿತ್ತು. "ಇವತ್ತೊಂದಿನ ದಾಟಿಸಿಬಿಡಿ ಅಕ್ಕಾ. ನಿಮ್ಮ ಕಾಲಿಗೆ ಬೀಳ್ತೀನಿ."

"ನಾಳೆ ಹೋಗು. ನಾಳೆಗೆ ನಲವತ್ತು ತುಂಬುತ್ತೆ. ನೀರು ಈಸ್ಕೊಂಡೋಳು ನಡುವೆ ಬಿಟ್ಟು ಹೋದ್ರೆ ನಾನು ಹೊತ್ತಿದ್ದೆಲ್ಲಾ ದಂಡ."

ಅಷ್ಟು ಹೇಳಿ ಮುದುಕಿ ದೋಣಿಯ ಸರಪಳಿಗೆ ಬೀಗ ಜಡಿದು, ಕೀಲಿಯನ್ನು ಕುಪ್ಪಸದೊಳಗೆ ಹಾಕಿಕೊಂಡಳು.

ಜ್ಯೂ ಹೊಳೆಯ ಈ ದಡದಲ್ಲಿರುವುದು ಇಪ್ಪತ್ತು ಮನೆ, ಒಂದು ದೋಣಿ. ಹಿಂದೆಲ್ಲಾ ಜೌಗು. ಬಸ್ಸು ನಿಲ್ಲುವುದು ಆಚೆ ದಡದಲ್ಲಿ. ಬೇಸಿಗೆಯಲ್ಲಿ ಸ್ತಾಂಕಾ ಹುಟ್ಟು ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಚಳಿಗಾಲದಲ್ಲಿ ಹೊಳೆ ಹೆಪ್ಪುಗಟ್ಟಿದಾಗಲೂ ಅವಳನ್ನು ಕೇಳದೆ ಯಾರೂ ಅದರ ಮೇಲೆ ಕಾಲಿಡುವುದಿಲ್ಲ; ಮಂಜುಗಡ್ಡೆ ಎಲ್ಲಿ ಗಟ್ಟಿ, ಎಲ್ಲಿ ತೆಳು ಎಂದು ಗೊತ್ತಿರುವುದು ಅವಳಿಗೇ. ಅವಳ ಕಣ್ಣು ತಪ್ಪಿಸಿ ಒಂದು ನಾಯಿಯೂ ಊರೊಳಗೆ ಬರುವಂತಿಲ್ಲ. ಅಕ್ಟೋಬರಿನಲ್ಲಿ ಬಂದ ಸ್ಮರಾಂದಾಳಿಗೆ ಈ ಊರು ಹಿಡಿಸಿದ್ದೇ ಆ ಕಾರಣಕ್ಕೆ.

ಕ್ರಯೋವಾ ನಗರದ ಗಾರ್ಮೆಂಟ್ಸಿನಲ್ಲಿ ಹದಿನೆಂಟು ವರ್ಷ ಹೊಲಿದು, ಮನೆಯಲ್ಲಿ ಗಂಡ ತ್ರಾಯಾನನ ಏಟು ತಿಂದು, ಎರಡನೇ ಸಲ ಮಣಿಕಟ್ಟು ಮುರಿದಾಗ ಅವಳು ಹೊಲಿಗೆ ಮಿಷನ್ ಹೊತ್ತು ಬಂದಿದ್ದಳು. ಊರವರಿಗೆ ತಾನು ವಿಧವೆ ಎಂದಿದ್ದಳು. ಗಂಡನ ಹೆಸರು ಯಾರಿಗೂ ಹೇಳಿರಲಿಲ್ಲ. ನಾಲ್ಕು ಕೋಳಿ, ಒಂದು ಮಡಿ ಈರುಳ್ಳಿ, ಮೂರು ಹೊತ್ತು ಮುಸುಕಿನ ಜೋಳದ ಅಂಬಲಿ. ಹರಿದದ್ದು ಹೊಲಿದುಕೊಟ್ಟರೆ ಯಾರೋ ಮೊಟ್ಟೆ ತರುತ್ತಿದ್ದರು, ಯಾರೋ ಗಿಣ್ಣು. ಬಾಗಿಲಿಗೆ ಕುರ್ಚಿ ಅಡ್ಡ ಇಡದೆ ಮಲಗುವುದನ್ನು ಅವಳು ಈಗೀಗ ಕಲಿತಿದ್ದಳು. ಇಷ್ಟು ಸಾಕು, ಇಲ್ಲೇ ಮುದುಕಿಯಾಗುತ್ತೇನೆ ಎಂದುಕೊಂಡಿದ್ದಳು.

ಅದಕ್ಕೆ ಈ ಬೆಳಗ್ಗೆ ಕಲ್ಲು ಬಿದ್ದಿತ್ತು. ಉಪ್ಪು ಕಟ್ಟಿಕೊಡುತ್ತಾ ಅಂಗಡಿಯ ನೇಲು ಸುಮ್ಮನೆ ಹೇಳಿದ್ದ: "ಹಿಮ ಬೀಳೋ ಕಾಲಕ್ಕೆ ಯಾವನೋ ಆಚೆ ದಡದಲ್ಲಿ ಬಸ್ಸಿಳಿದು ನಿಮ್ಮ ಫೋಟೋ ತೋರಿಸ್ತಿದ್ನಂತಲ್ಲ? ಕಂಡಕ್ಟರ್ ನಿನ್ನೆ ಅಂದ. ದೋಣಿ ಮುದುಕೀನ ಕೇಳು ಅಂತ ಕಳಿಸಿದ್ನಂತೆ."

ಮುದುಕಿ ಆ ವಿಷಯ ಬಾಯೇ ಬಿಟ್ಟಿರಲಿಲ್ಲ.

ದೋಣಿ ಸಿಗದ ಸ್ಮರಾಂದಾ ಮನೆಗೆ ಮರಳಿ ಬಂದು ಬಾಗಿಲು ಹಾಕಿಕೊಂಡಳು. ಒಂದೊಂದೇ ತಾಳೆಯಾಗತೊಡಗಿತು. ಸ್ತಾಂಕಾ ನೀರು ತರಲು ಶುರು ಮಾಡಿದ್ದೂ ಹಿಮ ಬೀಳುವ ಕಾಲಕ್ಕೇ. ಸತ್ತವರಿಗೆ ಆ ಲೋಕದಲ್ಲಿ ಬಾಯಾರಬಾರದೆಂದು ನಲವತ್ತು ದಿನ ಇನ್ನೊಬ್ಬರ ಮನೆಗೆ ನೀರು ಹೊರುವುದು ಹೊಳೆಸಾಲಿನ ಪದ್ಧತಿಯೇ. ಆದರೆ ಇಪ್ಪತ್ತು ಮನೆಯಲ್ಲಿ ಇವಳ ಮನೆಯೇ ಏಕೆ?

ಮೊದಲ ದಿನವೇ ಅವಳು ಕೇಳಿದ್ದಳು. "ನೀನೇ ಆಗ್ಬೇಕು ತಂಗಿ, ಬೇರೆಯೋರು ಆಗಲ್ಲ," ಎಂದಿದ್ದಳು ಮುದುಕಿ. ಯಾರಿಗೋಸ್ಕರ ಎಂದರೆ, "ಹೊಳೇಲಿ ಹೋದೋನಿಗೆ. ಸಾಯೋ ಹೊತ್ತಿಗೆ ಮೇಣದಬತ್ತಿ ಹಚ್ಚೋರಿಲ್ದೆ ಹೋದ," ಎಂದು ನೆಲ ನೋಡಿದ್ದಳು. ಅವಳ ತಲೆಯ ಕಪ್ಪು ವಸ್ತ್ರ ನೋಡಿ, ಪಾಪ ಗಂಡನಿರಬೇಕು ಎಂದುಕೊಂಡು ಸ್ಮರಾಂದಾ ಸುಮ್ಮನಾಗಿದ್ದಳು. ಆಮೇಲೆ ದಿನವೂ ಅದೇ. ಬೆಳಗಾದರೆ ಬಾಗಿಲಲ್ಲಿ ಕೊಡ. ಇವಳು ಒಂದು ಗುಟುಕು ಕುಡಿದು "ದೇವರು ಅವನನ್ನ ಕ್ಷಮಿಸಲಿ" ಅನ್ನಬೇಕು. ಮುದುಕಿ ಕೋಲಿನ ಮೇಲೆ ಒಂದು ಗೀರು ಹಾಕಿ, ಇವಳ ಮುಖವನ್ನೊಮ್ಮೆ ದಿಟ್ಟಿಸಿ, ಹೋಗಬೇಕು.

ಸತ್ತವರ ನೆಪದಲ್ಲಿ ಬದುಕಿರುವವಳ ಹಾಜರಿ! ತಾನು ಓಡಿಹೋಗದಂತೆ ಕಾಯಲು ತ್ರಾಯಾನ್ ಎಷ್ಟು ಕೊಟ್ಟಿರಬಹುದು? ನಾಳೆ ಲೆಕ್ಕ ಮುಗಿಯುವ ಹೊತ್ತಿಗೆ ಬರುತ್ತೇನೆ ಅಂದಿರಬೇಕು. ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಅಳು ಬಂತು. ಈ ಊರಲ್ಲಿ ಅವಳು ನಂಬಿದ್ದು ಆ ಒಂದು ಮುದುಕಿಯನ್ನು.

ಮರುದಿನ ಬೆಳಗ್ಗೆ ಸ್ತಾಂಕಾ ಕೊನೆಯ ಕೊಡ ಇಳಿಸಿದಳು. "ನಡಿ ಹೊಳೆಗೆ. ಹೊತ್ತ ನೀರನ್ನ ಸತ್ತೋನಿಗೆ ಒಪ್ಪಿಸುವಾಗ ನೀನು ಪಕ್ಕದಲ್ಲಿರಬೇಕು."

ಸ್ಮರಾಂದಾ ಬಟ್ಟೆ ಕತ್ತರಿಯನ್ನು ಕೋಟಿನ ಜೇಬಿಗಿಳಿಸಿ ಹಿಂದೆ ನಡೆದಳು. ದೋಣಿಯಿದ್ದದ್ದು ಅಲ್ಲೇ. ಬೇರೆ ದಾರಿಯಿರಲಿಲ್ಲ.

ದಡದಲ್ಲಿ ಯಾರೂ ಇರಲಿಲ್ಲ. ಹದಿನೈದು ದಿನದ ಹಿಂದೆ ಕರಗಿದ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಸ್ಮರಾಂದಾ ಆಚೆ ದಡದ ಬಸ್ ನಿಲ್ದಾಣದಿಂದ ಕಣ್ಣು ತೆಗೆಯಲಿಲ್ಲ.

"ಯಾರನ್ನ ನೋಡ್ತೀಯಾ?"

"ಬಸ್ಸಿಳಿದು ಫೋಟೋ ತೋರಿಸಿದೋನು ನಿಮ್ಮ ಹತ್ರ ಮಾತಾಡಿದ್ನಾ ಇಲ್ವಾ? ನಿಜ ಹೇಳಿ," ಎಂದಳು ಸ್ಮರಾಂದಾ. ಜೇಬಿನಲ್ಲಿ ಬೆರಳುಗಳು ಕತ್ತರಿಯನ್ನು ಬಿಗಿಹಿಡಿದಿದ್ದವು.

"ಮಾತಾಡಿದ."

"ನಾನಿಲ್ಲಿದ್ದೀನಿ ಅಂದ್ರಾ?"

"ಅಂದೆ."

"ಯಾವಾಗ ಬರ್ತಾನೆ?"

ಸ್ತಾಂಕಾ ಮೊಣಕಾಲೂರಿ, ಅರ್ಧ ಕೊಯ್ದ ಸೋರೆಬುರುಡೆಯಲ್ಲಿ ಮೇಣದಬತ್ತಿ ಹಚ್ಚಿ, ಗೀರಿನ ಕೋಲನ್ನೂ ಅದರೊಳಗಿಟ್ಟು, ನೀರಿಗೆ ತೇಲಿಬಿಟ್ಟಳು. ಬೆಳಕು ಎರಡು ಸುತ್ತು ತಿರುಗಿ ಸೆಳವಿಗೆ ಸೇರಿತು.

"ಹೊಳೇ, ನೀನೇ ಸಾಕ್ಷಿ. ಸೂರ್ಯ, ನೀನೇ ಸಾಕ್ಷಿ. ನಲವತ್ತು ದಿನ, ನಲವತ್ತು ಕೊಡ, ಇವಳ ಕೈಗೇ ಕೊಟ್ಟಿದ್ದೀನಿ. ಇವಳ ಬಾಯಿಂದಾನೇ ಕ್ಷಮಿಸಲಿ ಅನ್ನಿಸಿದ್ದೀನಿ. ಇದು ತ್ರಾಯಾನ್‌ಗೆ ಮುಟ್ಟಲಿ."

ಸ್ಮರಾಂದಾ ಜೇಬಿನಿಂದ ಬರಿಗೈ ಹೊರತೆಗೆದಳು. ಮುದುಕಿ ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದಳು.

"ಅವತ್ತು ಆಚೆ ದಡದಲ್ಲಿ ನಿಂತು, ಈ ಸಲ ಅವಳನ್ನ ಜೀವಸಹಿತ ಬಿಡಲ್ಲ ಅಂತ ಕಿರುಚ್ತಿದ್ದ, ತಂಗಿ. ಮಂಜುಗಡ್ಡೆ ಗಟ್ಟಿಯಾಗಿದೆ, ನೆಟ್ಟಗೆ ನಡ್ಕೊಂಡು ಬಾ ಅಂತ ಈ ದಡದಿಂದ ಕೂಗಿದೋಳು ನಾನೇ."