ಮೊಲದ ಪುಟದ ಮಾತು

ಹತ್ತಿರ ಕೂತು ಆಡಿದ ಮಾತನ್ನು ಪುಸ್ತಕಗಳು ಹಿಡಿದಿಟ್ಟುಕೊಳ್ಳುವುದು ಎಲ್ಲರಿಗೂ ಗೊತ್ತಿದ್ದದ್ದೇ. ಧಾರವಾಡದ ಸುನಂದಾ ತನ್ನ ಬಾಲ್ಯದ ಕತೆಪುಸ್ತಕವನ್ನು ಮಗಳು ಇಂಚರಳ ಮುಂದೆ ತೆರೆದದ್ದೂ ತೀರಿಹೋದ ತನ್ನ ಅಪ್ಪನ ಓದನ್ನು ಕೇಳಿಸಲೆಂದೇ. ಆನೆಯ ಪುಟದಲ್ಲಿ ಅಪ್ಪ ಘೀಳಿಟ್ಟರು. ತಾಯಿ, ಮಗಳು ನಕ್ಕರು. ಮೊಲದ ಪುಟ ತಿರುವಿದಾಗ ಎಂಟು ವರ್ಷದ ಸುನಂದಾಳ ದನಿ ಬಂತು: "ಮುಟ್ಟಬ್ಯಾಡ ಯಲ್ಲವ್ವ, ನಿನ್ನ ಕೈ ಹೊಲಸ ಅದಾವ."

"ಮುಟ್ಟಂಗಿಲ್ರಿ ಅಕ್ಕಾರ, ದೂರದಿಂದ ಚಿತ್ರ ಅಷ್ಟ ನೋಡ್ತೀನಿ," ಎಂದಿತು ಇನ್ನೊಂದು ಪುಟ್ಟ ದನಿ.

"ಯಲ್ಲವ್ವ ಯಾರವ್ವ?" ಇಂಚರ ಕೇಳಿದಳು.

"ನಮ್ಮನಿ ಪಾತ್ರೆ ತಿಕ್ಕಾಕಿ ಮಗಳು."

"ಆಮ್ಯಾಲರೆ ಚಿತ್ರ ತೋರ್ಸಿದೇನು?"

ಸುನಂದಾ ಸುಳ್ಳು ಹೇಳಬಹುದಿತ್ತು. ಆದರೆ ಈಗ ಆಡುವ ಮಾತನ್ನೂ ಈ ಪುಟ ಹಿಡಿದಿಟ್ಟುಕೊಳ್ಳುತ್ತದೆ; ಇಂಚರಳೂ ಒಂದು ದಿನ ತನ್ನ ಮಗುವಿನ ಮುಂದೆ ಈ ಪುಟ ತಿರುವುತ್ತಾಳೆ.

"ಇಲ್ಲವ್ವ," ಎಂದಳು, "ತೋರಿಸ್ಲಿಲ್ಲ."