ಬೋಣಿಯ ಕೈ

ಒಂದು ಗುಟುಕು ಕಾಫಿಯ ಹೊತ್ತು ಸಾಕು, ಕೊನೆಯವರೆಗೂ ಓದಿ...

ಮಾಮೂಲ್‌ಪೇಟೆಯ ಒಂದು ಗಲ್ಲಿಯಲ್ಲಿ ಪದ್ಮನಾಭ ಶೆಟ್ಟರ ಹುಕ್ಕು-ಗುಂಡಿಯ ಅಂಗಡಿ. ಎರಡು ಸ್ಕೂಟರ್ ಎದುರಾದರೆ ಒಂದು ಹಿಂದೆ ಸರಿಯಬೇಕಾದ ಗಲ್ಲಿ ಅದು.

ವ್ಯಾನು ಮೂಲೆಯಲ್ಲೇ ನಿಲ್ಲುತ್ತದೆ. ಅಲ್ಲಿಂದ ನಲವತ್ತು ಅಂಗಡಿಗಳ ಪಾರ್ಸಲ್ಲನ್ನು ಒಬ್ಬ ಹೆಂಗಸು ಟ್ರಾಲಿಯಲ್ಲಿ ಎಳೆದು ತರುತ್ತಾಳೆ.

ಶೆಟ್ಟರದ್ದು ಒಂದೇ ನಿಯಮ. ಬೋಣಿಯಾಗುವ ಮುಂಚೆ, ಅಂದರೆ ದಿನದ ಮೊದಲ ವ್ಯಾಪಾರ ನಡೆಯುವ ಮುಂಚೆ, ಯಾವ ಪಾರ್ಸಲ್ಲೂ ಹೊಸ್ತಿಲು ದಾಟಬಾರದು.

"ಏಯ್ ಪಾರ್ಸಲ್, ಚರಂಡಿ ಪಕ್ಕ ನಿಂತ್ಕೋ."

ಮೂರು ವರ್ಷದಿಂದ ಅವಳ ಹೆಸರು ಅದೇ...

ಲಕ್ಷ್ಮಿಯ ಪಟಕ್ಕೆ ಮಾತ್ರ ದಿನವೂ ಊದುಬತ್ತಿ, ಕಣ್ಣು ಮುಚ್ಚಿ ಶ್ಲೋಕ. ಕಣ್ಣು ತೆರೆದ ಮೇಲೂ ಈ ದೊಡ್ಡ ಮನುಷ್ಯರಿಗೆ ಎದುರಿಗೆ ನಿಂತವರು ಕಾಣುತ್ತಿರಲಿಲ್ಲ, ಅದು ಬೇರೆ ಮಾತು.

ವ್ಯಾಪಾರ ಮಂದವಾದ ದಿನಗಳಲ್ಲಿ ಗಲ್ಲಿಯ ಹೂವಿನ ತುಳಸಜ್ಜಿ ಬಂದು ಒಂದು ಪಟ್ಟಿ ಹುಕ್ಕು ಕೊಳ್ಳುತ್ತಿದ್ದಳು. "ನಿಂದು ಲಕ್ಷ್ಮಿ ಕೈ ಅಜ್ಜಿ" ಎಂದು ಶೆಟ್ಟರು ಅವಳಿಗೆ ಸ್ಟೂಲು ಎಳೆದು ಕೊಡುತ್ತಿದ್ದರು.

ಒಂದು ಮಂಗಳವಾರ ಹನಿ ಮಳೆ. ಪಾರ್ಸಲ್ ಹೆಂಗಸು ಒಂದು ಕಾಲು ಅಂಗಡಿಯೊಳಗಿಟ್ಟಳು.

ಶೆಟ್ಟರು ಬೈಯಲಿಲ್ಲ. ಚೊಂಬು ತಂದು, ಅವಳು ನೋಡುತ್ತಿದ್ದಂತೆಯೇ ಹೊಸ್ತಿಲು ತೊಳೆದರು.

ಮರುದಿನ ಹನ್ನೊಂದು ಗಂಟೆಯಾದರೂ ಬೋಣಿಯಿಲ್ಲ. ಅಜ್ಜಿಯ ಸುಳಿವೂ ಇಲ್ಲ. ಹೊರಗೆ ಟ್ರಾಲಿ ನಿಂತಿತ್ತು.

"ಓಟಿಪಿ ಹೇಳಿ ಶೆಟ್ರೇ, ಟೈಮಾಯ್ತು."

"ಬೆಳಗ್ಗೆಯಿಂದ ಒಂದು ನರಪಿಳ್ಳೇನೂ ಬಂದಿಲ್ಲ. ನೀನು ಎದುರಿಗೆ ನಿಂತ್ರೆ ಇನ್ನೆಲ್ಲಿ ಬರ್ತಾರೆ? ತಗೊಂಡೋಗು."

"ವಾಪಸ್ ಹಾಕ್ಲಾ?"

"ಹಾಕು. ಹೆದರಿಸ್ತೀಯಾ?"

ಅವಳು ಟ್ರಾಲಿ ತಿರುಗಿಸಿಕೊಂಡು ಹೋದಳು...

ಹತ್ತು ನಿಮಿಷಕ್ಕೆ ಫೋನು. ಬ್ಯಾಂಡ್‌ಸೆಟ್ಟಿನವರಿಗೆ ಕೋಟು ಹೊಲಿಯುವ ಜಬ್ಬಾರ್ ಸಾಬರು.

"ಗುಂಡಿ ಬಂತಾ ಶೆಟ್ರೇ? ಸಂಜೆ ಮೆರವಣಿಗೆ. ಇಪ್ಪತ್ತು ಕೋಟು ಬಾಯಿ ಬಿಟ್ಕೊಂಡು ನೇತಾಡ್ತಿವೆ. ನಿಮ್ಮ ಮಾತು ನಂಬಿ ನಾನು ಬೇರೆ ಕಡೆ ಹೇಳೇ ಇಲ್ಲ."

ಶೆಟ್ಟರು ಹೊರಗೆ ಇಣುಕಿದರು, ಟ್ರಾಲಿ ಕಾಣಲಿಲ್ಲ. ಆ ಹಿತ್ತಾಳೆ ಗುಂಡಿಗಳಿದ್ದದ್ದು ಅದೇ ಪೆಟ್ಟಿಗೆಯಲ್ಲಿ!

ಕಸ್ಟಮರ್ ಕೇರಿಗೆ ಫೋನು ಮಾಡಿದರು. "ಡೆಲಿವರಿಗೆ ಬಂದವರ ಹೆಸರು ಹೇಳಿ ಸರ್."

ಹೆಸರು...?

"ಹೋಗ್ಲಿ, ನೋಡೋಕೆ ಹೇಗಿದ್ರು?"

ಶೆಟ್ಟರಿಗೆ ನೆನಪಾದದ್ದು ಒಂದು ಜೊತೆ ನೀಲಿ ಚಪ್ಪಲಿ. ಅದೂ ಹಿಂದಿನ ದಿನ ನೀರು ಹೊಯ್ಯುವಾಗ ಕಂಡದ್ದು.

ಅಂಗಡಿ ಹಾಗೇ ಬಿಟ್ಟು ಓಡಿದರು. ಹೂವಿನ ಬುಟ್ಟಿಯ ಮುಂದೆ ಏದುಸಿರು ಬಿಡುತ್ತ ನಿಂತರು.

"ಅಜ್ಜಿ, ಆ ಪಾರ್ಸಲ್... ಆ ಹೆಂಗಸು..."

"ಮುನಿರತ್ನನಾ? ಮೂಲೇಲಿ ವ್ಯಾನ್ ಹತ್ರ ಇರ್ತಾಳೆ."

"ನೀನೊಬ್ಳು ಬೋಣಿಗೆ ಬಂದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ಅಜ್ಜಿ."

ಅಜ್ಜಿ ಬುಟ್ಟಿಯ ಕೆಳಗಿಂದ ಒಂದು ಕವರ್ ಎಳೆದು ಮುಂದಿಟ್ಟಳು. ಅದರ ತುಂಬ ಹುಕ್ಕಿನ ಪಟ್ಟಿಗಳು. ಒಂದನ್ನೂ ಬಿಚ್ಚಿರಲಿಲ್ಲ.

"ನಾನು ಗಂಟು ರವಿಕೆ ತೊಡೋಳು ಶೆಟ್ರೇ. ನಂಗ್ಯಾಕೆ ಹುಕ್ಕು? ದುಡ್ಡು ಕೊಟ್ಟು ಕಳಿಸ್ತಿದ್ದೋಳು ಅವಳು. 'ಹೋಗಜ್ಜಿ, ಅವನ ಬೋಣಿ ಮಾಡ್ಬಾ, ನಿಂತು ನಿಂತು ಕಾಲು ಸೋತ್ವು' ಅಂತ. ಇವತ್ತು ಬೇಡ ಬಿಡಜ್ಜಿ ಅಂದ್ಲು."

ತಾವು ಚರಂಡಿ ಪಕ್ಕ ನಿಲ್ಲಿಸಿದವಳದೇ ಆ ಲಕ್ಷ್ಮಿ ಕೈ...

ವ್ಯಾನಿನ ಬಾಗಿಲು ಮುಚ್ಚುವುದರಲ್ಲಿತ್ತು. ಶೆಟ್ಟರು ಮೊದಲ ಬಾರಿಗೆ ಅವಳ ಮುಖ ನೋಡಿದರು. ಬಿಸಿಲಿಗೆ ಕಂದಿದ ಹಣೆ, ದಣಿದ ಕಣ್ಣು. ಆ ಕಣ್ಣಲ್ಲಿ ಕೋಪ ಕೂಡ ಇರಲಿಲ್ಲ. ಅವರಿಗೆ ತಡೆಯಲಾಗದೆ ಹೋದದ್ದು ಅದೇ.

"ತಪ್ಪಾಯ್ತಮ್ಮ... ಮೂರು ವರ್ಷದಲ್ಲಿ ನಿಮ್ಮ ಹೆಸರು ಕೂಡ ನಾನು..."

"ನನ್ ಹೆಸರು ಯಾಕೆ ಶೆಟ್ರೇ? ಪಾರ್ಸಲ್ ಮೇಲಿರೋದು ನಿಮ್ಮ ಹೆಸರು. ಓಟಿಪಿ ಹೇಳಿ."

ಶೆಟ್ಟರಿಗೆ ನಾಲ್ಕು ಅಂಕಿ ಹೇಳಲು ಎರಡು ಸಲ ಬೇಕಾಯಿತು.

ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಇಡೀ ಗಲ್ಲಿ ನೋಡುತ್ತಿದ್ದಂತೆ ಶೆಟ್ಟರು ನಡೆದರು. ಬೋಣಿಯಾಗದ ಅಂಗಡಿಯ ಹೊಸ್ತಿಲನ್ನು ಅದರೊಂದಿಗೇ ದಾಟಿದರು. ಸಂಜೆಯ ಕೋಟುಗಳಿಗೆ ಗುಂಡಿ ಸಿಕ್ಕಿತು.

ಮರುದಿನ ಬಾಗಿಲೊಳಗೆ ಸ್ಟೂಲು ಹಾಕಿ, "ಬನ್ನಿ ಮುನಿರತ್ನಮ್ಮ, ಕೂತ್ಕೊಳ್ಳಿ" ಎಂದರು.

ಅವಳು ಕೂರಲಿಲ್ಲ. "ಇನ್ನೂ ಮೂವತ್ತೊಂಬತ್ತು ಅಂಗಡಿ ಇದೆ ಶೆಟ್ರೇ" ಎಂದು ಟ್ರಾಲಿ ಎಳೆದುಕೊಂಡು ಹೋದಳು...

ನಾವು ಹೊರಗೆ ನಿಲ್ಲಿಸಿದವರ ದಯೆಯಿಂದಲೇ ನಮ್ಮ ಅಂಗಡಿಯ ದೀಪ ಉರಿಯುತ್ತಿರಬಹುದು.

ನಿನ್ನೆ ನಿಮ್ಮ ಬಾಗಿಲಿಗೆ ಪಾರ್ಸಲ್ ತಂದವರ ಮುಖ ನಿಮಗೆ ನೆನಪಿದೆಯೇ?